ಎಎನ್‌ಎಂ, ಜಿಎನ್‌ಎಂ, ಬಿ.ಎಸ್ಸಿ ನರ್ಸಿಂಗ್: ಯಾರಿಗೆ ಯಾವುದು ಹೊಂದುತ್ತದೆ?

ಪಿಯುಸಿ ಫಲಿತಾಂಶ ಬಂದ ವಾರದಿಂದ ನನಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯವು. "ಮೇಡಂ, ಮಗಳನ್ನ ನರ್ಸಿಂಗ್‌ಗೆ ಹಾಕೋಣ ಅಂತಿದೀವಿ. ಜಿಎನ್‌ಎಂ ಮಾಡಿಸೋದಾ, ಬಿ.ಎಸ್ಸಿ ಮಾಡಿಸೋದಾ?" ಅದರ ಬೆನ್ನಲ್ಲೇ ಫೀಸು, ಹಾಸ್ಟೆಲು, ಕೆಲಸ ಸಿಗುತ್ತದೋ ಇಲ್ಲವೋ ಎಂಬ ಮಾತು. ಓದಬೇಕಾದ ಹುಡುಗಿ ಪಕ್ಕದಲ್ಲೇ ಕೂತಿರುತ್ತಾಳೆ, ಅವಳ ದನಿ ಮಾತ್ರ ಕೇಳುವುದಿಲ್ಲ. ಹಾಗಾಗಿ ನಾನು ಮೊದಲು ಫೋನನ್ನು ಅವಳ ಕೈಗೆ ಕೊಡಿ ಎನ್ನುತ್ತೇನೆ. ಹಲವು ವರ್ಷ ವಾರ್ಡಿನಲ್ಲಿ ಡ್ಯೂಟಿ ಮಾಡಿ, ಆಮೇಲೆ ವಿದ್ಯಾರ್ಥಿಗಳಿಗೆ ಪಾಠ ಹೇಳಿದವಳಾಗಿ ನನ್ನ ಅಭಿಪ್ರಾಯ ಇಷ್ಟು: ಮೊದಲು ಎಂಥ ರೋಗಿಗಳ ನಡುವೆ ಇರಬೇಕು ಎಂದು ತೀರ್ಮಾನಿಸಿ, ಅದಕ್ಕೆ ತಕ್ಕ ಕೋರ್ಸು ಹುಡುಕಿ. ಆಮೇಲೆ ಕಾಲೇಜಿನ ಕಟ್ಟಡ ಬಿಟ್ಟು ಅದರ ಆಸ್ಪತ್ರೆ ನೋಡಿ ಸೀಟು ಹಿಡಿಯಿರಿ. ಕೋರ್ಸುಗಳು ಮುಖ್ಯವಾಗಿ ಮೂರು: ಎಎನ್‌ಎಂ (ಆಕ್ಸಿಲಿಯರಿ ನರ್ಸ್ ಮಿಡ್‌ವೈಫ್), ಜಿಎನ್‌ಎಂ (ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ) ಮತ್ತು ಬಿ.ಎಸ್ಸಿ ನರ್ಸಿಂಗ್ ಪದವಿ.

ಈ ಕೆಲಸ ತನಗೆ ಒಗ್ಗುತ್ತದೆಯೇ ಎಂದು ತಿಳಿಯುವುದು ಹೇಗೆ?

"ನನಗೆ ಸೇವೆ ಮಾಡೋದು ಇಷ್ಟ" ಎಂದು ಬಹಳ ಮಕ್ಕಳು ಹೇಳುತ್ತಾರೆ. ಅದು ಒಳ್ಳೆಯ ಮಾತೇ. ಆದರೆ ವಾರ್ಡಿನಲ್ಲಿ ಕರುಣೆಯ ಜೊತೆಗೆ ಇನ್ನೂ ಕೆಲವು ಗುಣ ಬೇಕು. ಎಂಟು ಗಂಟೆ ಕಾಲ ಮೇಲೆ ನಿಂತಿರಬೇಕು. ವಾಸನೆ ಸಹಿಸಬೇಕು. ಔಷಧದ ಲೆಕ್ಕ ತಪ್ಪಬಾರದು. ಒಬ್ಬ ರೋಗಿಯ ಮನೆಯವರು ಅದೇ ಪ್ರಶ್ನೆಯನ್ನು ಐದನೇ ಸಲ ಕೇಳಿದರೂ ಮೊದಲ ಸಲ ಕೇಳಿದಂತೆ ಉತ್ತರ ಕೊಡಬೇಕು.

ಮೊದಲ ವರ್ಷದ ವಿದ್ಯಾರ್ಥಿನಿಯರಿಗೆ ಮೆಡಿಕಲ್ ವಾರ್ಡಿನಲ್ಲಿ ಕೊಡುವ ಕೆಲಸವೊಂದನ್ನು ಹೇಳುತ್ತೇನೆ. ಪಾರ್ಶ್ವವಾಯು ಹೊಡೆದು ಎಡಭಾಗ ಬಿದ್ದುಹೋದ ಅರವತ್ತು ದಾಟಿದ ರೈತರೊಬ್ಬರಿಗೆ ಹಾಸಿಗೆಯಲ್ಲೇ ಮೈ ಒರೆಸಬೇಕು. ಸುತ್ತ ಪರದೆ ಎಳೆಯಬೇಕು. ಬೇಸಿನ್ನಿನ ನೀರು ಎಷ್ಟು ಬಿಸಿ ಇದೆ ಎಂದು ತನ್ನ ಮಣಿಕಟ್ಟಿಗೆ ಹಾಕಿಕೊಂಡು ನೋಡಬೇಕು. ಮೊದಲು ಮುಖ; ಕಣ್ಣನ್ನು ಮೂಗಿನ ಕಡೆಯಿಂದ ಹೊರಗಡೆಗೆ ಒರೆಸಬೇಕು. ಆಮೇಲೆ ಒಂದು ಕೈ, ಇನ್ನೊಂದು ಕೈ, ಎದೆ, ಕಾಲು. ಯಾವ ಭಾಗ ಒರೆಸುತ್ತಿದ್ದೇವೋ ಅಷ್ಟನ್ನೇ ತೆರೆಯಬೇಕು, ಉಳಿದದ್ದಕ್ಕೆ ಹೊದಿಕೆ ಇರಬೇಕು. ಕೊನೆಗೆ ಇಬ್ಬರು ಸೇರಿ ಪಕ್ಕಕ್ಕೆ ತಿರುಗಿಸಿ ಬೆನ್ನು ನೋಡಬೇಕು. ಬಾಲಮೂಳೆಯ ಜಾಗದಲ್ಲಿ, ಹಿಮ್ಮಡಿಯಲ್ಲಿ ಕೆಂಪಗೆ ಏನಾದರೂ ಕಂಡರೆ ಬೆರಳಿನಿಂದ ಒತ್ತಿ ಬಿಡಬೇಕು. ಒತ್ತಿದರೂ ಆ ಕೆಂಪು ಹೋಗದಿದ್ದರೆ ಅದು ಹಾಸಿಗೆ ಹುಣ್ಣಿನ ಶುರು. ಅಲ್ಲಿಂದ ಮುಂದೆ ಎರಡೆರಡು ಗಂಟೆಗೊಮ್ಮೆ ಅವರ ಮಗ್ಗುಲು ಬದಲಿಸಲೇಬೇಕು.

ಈ ಕೆಲಸ ಮಾಡುವಾಗ ಕೆಲವರು ಮೂಗು ಮುಚ್ಚಿಕೊಂಡು ಬೇಗ ಮುಗಿಸಲು ನೋಡುತ್ತಾರೆ. ಕೆಲವರು "ತಾತಾ, ನೀರು ತಣ್ಣಗಾಯ್ತಾ?" ಎಂದು ಕೇಳುತ್ತಾರೆ. ಒಬ್ಬಳು ಆ ಕೆಂಪು ಕಲೆ ನೋಡಿ ಯಾರೂ ಹೇಳದೆಯೇ ಸ್ಟಾಫ್ ಸಿಸ್ಟರ್ ಹತ್ತಿರ ಓಡುತ್ತಾಳೆ. ಅವಳ ಪಿಯುಸಿ ಅಂಕ ಎಷ್ಟಿದ್ದರೂ ಅವಳು ನರ್ಸ್ ಆಗುತ್ತಾಳೆ.

ಒಲವು ಎನ್ನುವುದು ಎಲ್ಲರಿಗೂ ಮೊದಲೇ ಇರುವುದಿಲ್ಲ ಎನ್ನುವುದನ್ನೂ ಹೇಳಬೇಕು. ಮನೆಯ ಪರಿಸ್ಥಿತಿಗೆ ಬೇಗ ಸಂಬಳ ಬರುವ ಕೆಲಸ ಬೇಕು ಎಂದು ಬಂದ ಎಷ್ಟೋ ಮಕ್ಕಳು ಎರಡನೇ ವರ್ಷದ ಪೋಸ್ಟಿಂಗ್ (ವಾರ್ಡಿನ ತರಬೇತಿ) ಹೊತ್ತಿಗೆ ಈ ಕೆಲಸವನ್ನು ಮನಸಾರೆ ಹಚ್ಚಿಕೊಂಡಿದ್ದಾರೆ. ಕೆಲಸಕ್ಕಾಗಿ ಬಂದೆ ಎನ್ನುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ತೊಂದರೆಯಾಗುವುದು ಬೇರೆ ಗುಂಪಿಗೆ: ನೀಟ್ ಬರೆದು ಎಂಬಿಬಿಎಸ್ ಸೀಟು ಸಿಗದೆ, ಅದರ ಬದಲಿಗೆ ಇದು ಎಂದು ಬಂದವರಿಗೆ. ನರ್ಸಿಂಗ್ ಡಾಕ್ಟರಿಕೆಯ ಕೆಳಗಿನ ಮೆಟ್ಟಿಲಾಗಿ ಕಂಡರೆ ನಾಲ್ಕು ವರ್ಷವೂ ಅದೇ ಕೊರಗಿನಲ್ಲಿ ಹೋಗುತ್ತದೆ. ಡಾಕ್ಟರು ರೌಂಡ್ಸ್ ಮುಗಿಸಿ ಹೋದ ಮೇಲೆ ಉಳಿದ ಹೊತ್ತೆಲ್ಲ ಆ ರೋಗಿಯ ಉಸಿರು, ಮೂತ್ರದ ಪ್ರಮಾಣ, ನೋವು, ಭಯ ಇವನ್ನೆಲ್ಲ ಗಮನಿಸುವ ಹೊಣೆ ನರ್ಸಿನದು. ಅದು ಬೇರೆಯೇ ವಿದ್ಯೆ. ಅದನ್ನು ಅದಕ್ಕಾಗಿಯೇ ಇಷ್ಟಪಡಬಲ್ಲಿರಾ ಎಂದು ಕೇಳಿಕೊಳ್ಳಿ.

ಪರೀಕ್ಷೆ ಮಾಡಿ ನೋಡಲು ಸುಲಭದ ದಾರಿಗಳಿವೆ. ನೆಂಟರಲ್ಲಿ ಯಾರಾದರೂ ಆಸ್ಪತ್ರೆಗೆ ಸೇರಿದಾಗ ರಾತ್ರಿ ಜೊತೆಗಿರಲು ನೀವೇ ಹೋಗಿ. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ ಒಂದು ಗುರುವಾರ ಲಸಿಕೆ ಹಾಕುವ ಜಾಗದಲ್ಲಿ ಕೂತು ನೋಡಿ. ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ ಇದ್ದರೆ ಅವರ ಆರೈಕೆಯ ಭಾರ ಒಂದು ವಾರ ಪೂರ್ತಿ ನೀವೇ ಹೊತ್ತುಕೊಳ್ಳಿ. ರಕ್ತ ಕಂಡರೆ ತಲೆ ಸುತ್ತುತ್ತದೆ ಎಂಬ ಕಾರಣಕ್ಕೆ ಮಾತ್ರ ಹಿಂಜರಿಯಬೇಡಿ, ಅದು ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಹೋಗುತ್ತದೆ.

ಎಎನ್‌ಎಂ: ಊರು, ಓಣಿ, ತಾಯಿ, ಮಗು

ಮೂರು ಕೋರ್ಸುಗಳಲ್ಲಿ ಎಲ್ಲರೂ ಕಡೆಗಣಿಸುವುದು ಇದನ್ನೇ. ನನ್ನ ಮಟ್ಟಿಗೆ ನಮ್ಮ ಹಳ್ಳಿಗಳ ಆರೋಗ್ಯ ನಿಂತಿರುವುದೇ ಇವರ ಮೇಲೆ. ಎರಡು ವರ್ಷದ ಕೋರ್ಸು. ಪಿಯುಸಿಯಲ್ಲಿ ಆರ್ಟ್ಸ್ ಓದಿದವರೂ ಸೇರಬಹುದು, ವಯಸ್ಸು 17ರಿಂದ 35. ಹುಡುಗಿಯರಿಗೆ ಮಾತ್ರ. ಕರ್ನಾಟಕದಲ್ಲಿ ಸರ್ಕಾರಿ ಕೆಲಸ ಸಿಕ್ಕರೆ ಹುದ್ದೆಯ ಹೆಸರು ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ. ಹಿಂದೆ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ ಎನ್ನುತ್ತಿದ್ದರು, ಊರವರ ಬಾಯಲ್ಲಿ ಈಗಲೂ "ಸಿಸ್ಟರ್" ಅಥವಾ "ನರ್ಸಮ್ಮ".

ಈಕೆ ಕೆಲಸ ಮಾಡುವ ಒಂದು ಆರೋಗ್ಯ ಉಪಕೇಂದ್ರಕ್ಕೆ ಬಯಲುಸೀಮೆಯಲ್ಲಿ ಸುಮಾರು 5,000 ಜನ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 3,000 ಜನ ಎನ್ನುವುದು ಸರ್ಕಾರದ ಅಳತೆ. ಆ ಜನರಲ್ಲಿ ಯಾರು ಬಸುರಿ, ಯಾರ ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ ಕಡಿಮೆ ಬರೆದಿದೆ, ಯಾವ ಮಗುವಿಗೆ ದಡಾರದ ಎರಡನೇ ಡೋಸ್ ಬಾಕಿ ಇದೆ, ಯಾರು ಕ್ಷಯದ ಮಾತ್ರೆ ನಡುವೆ ಬಿಟ್ಟರು ಎಂಬುದೆಲ್ಲ ಈಕೆಗೆ ಗೊತ್ತಿರಬೇಕು. ಲಸಿಕೆ ಹಾಕುವ ದಿನ ಬೆಳಗ್ಗೆ ವ್ಯಾಕ್ಸಿನ್ ಕ್ಯಾರಿಯರ್ (ಲಸಿಕೆ ಒಯ್ಯುವ ತಂಪು ಡಬ್ಬಿ) ಸಿದ್ಧಪಡಿಸುವುದನ್ನೇ ನೋಡಿ. ಫ್ರೀಜರಿನಿಂದ ತೆಗೆದ ಐಸ್‌ಪ್ಯಾಕನ್ನು ಹಾಗೇ ಇಟ್ಟರೆ ಪೆಂಟಾವಲೆಂಟ್‌ನಂಥ ಲಸಿಕೆ ಹೆಪ್ಪುಗಟ್ಟಿ ಕೆಡುತ್ತದೆ. ಐಸ್‌ಪ್ಯಾಕ್ ಮೇಲೆ ನೀರು ಬೆವರುವ ತನಕ ಹೊರಗಿಟ್ಟು, ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ನೀರಿನ ಸದ್ದು ಬಂದ ಮೇಲೆ ಅಂಥ ನಾಲ್ಕನ್ನೂ ಡಬ್ಬಿಯ ಒಳಗೋಡೆಗೆ ಆನಿಸಿ ಜೋಡಿಸಬೇಕು. ಇಷ್ಟು ಎಚ್ಚರ ತಪ್ಪಿದರೆ ಅಂದು ಚುಚ್ಚಿಸಿಕೊಂಡ ಮಕ್ಕಳಿಗೆಲ್ಲ ಲಸಿಕೆಯ ರಕ್ಷಣೆ ಸಿಗದೇ ಹೋಗಬಹುದು, ಅದು ಯಾರಿಗೂ ಗೊತ್ತಾಗುವುದೂ ಇಲ್ಲ.

ಯಾರಿಗೆ ಹೊಂದುತ್ತದೆ? ಊರು ಬಿಟ್ಟು ಹೋಗಲು ಮನಸ್ಸಿಲ್ಲದವರಿಗೆ, ಮನೆಮನೆ ತಿರುಗಿ ಮಾತಾಡುವುದು ಬರುವವರಿಗೆ, ಬೇಗ ದುಡಿಮೆಗೆ ನಿಲ್ಲಬೇಕಾದವರಿಗೆ. ಮದುವೆಯಾಗಿ ಮಕ್ಕಳು ಶಾಲೆಗೆ ಹೋಗುವಂತಾದ ಮೇಲೆ ಓದಬೇಕೆನ್ನುವ ಹೆಣ್ಣುಮಕ್ಕಳಿಗೂ, ಪಿಯುಸಿ ಮುಗಿಸಿರುವ ಆಶಾ ಕಾರ್ಯಕರ್ತೆಯರಿಗೂ ಇದು ಒಳ್ಳೆಯ ಬಾಗಿಲು. ಊರಿನ ಪ್ರತಿ ಮನೆಯೂ ಗೊತ್ತಿರುವ ಆಶಾ ಕಾರ್ಯಕರ್ತೆ ಎಎನ್‌ಎಂ ತರಬೇತಿಗೆ ಬಂದರೆ ಅರ್ಧ ಪಾಠ ಅವರಿಗೆ ಮೊದಲೇ ಬಂದಿರುತ್ತದೆ.

ಮಿತಿಗಳೂ ಇವೆ. ಸರ್ಕಾರಿ ನೇಮಕಾತಿ ಪ್ರತಿ ವರ್ಷ ನಡೆಯುವುದಿಲ್ಲ. ಖಾಸಗಿ ಆಸ್ಪತ್ರೆಗಳು ಎಎನ್‌ಎಂ ಓದಿದವರನ್ನು ಕೆಲಸಕ್ಕೆ ತೆಗೆದುಕೊಂಡು ಪೂರ್ಣ ನರ್ಸಿನ ಕೆಲಸ ಮಾಡಿಸಿ ಸಂಬಳ ಮಾತ್ರ ಕಡಿಮೆ ಕೊಡುವುದು ಸಾಮಾನ್ಯ. ವಿದೇಶದಲ್ಲಿ ನರ್ಸ್ ಆಗಿ ನೋಂದಾಯಿಸಿಕೊಳ್ಳಲು ಈ ಕೋರ್ಸು ಸಾಲದು. ಆದರೆ ದಾರಿ ಇಲ್ಲಿಗೇ ಮುಗಿಯುವುದಿಲ್ಲ. ನೋಂದಣಿಯಾದ ಎಎನ್‌ಎಂಗಳು ಮುಂದೆ ಜಿಎನ್‌ಎಂ ಸೇರಬಹುದು.

ಜಿಎನ್‌ಎಂ: ನೇರವಾಗಿ ವಾರ್ಡಿಗೆ

ಮೂರು ವರ್ಷದ ಡಿಪ್ಲೊಮಾ. ಸೈನ್ಸ್ ಓದಿದ್ದರೆ ಒಳ್ಳೆಯದು, ಕಡ್ಡಾಯವಿಲ್ಲ. ಇಂಗ್ಲಿಷ್ ಒಂದು ವಿಷಯವಾಗಿದ್ದು ಪಿಯುಸಿಯಲ್ಲಿ 40 ಶೇಕಡಾ ಇದ್ದರೆ ಆರ್ಟ್ಸ್, ಕಾಮರ್ಸ್‌ನವರೂ ಸೇರಬಹುದು. ಗಂಡುಮಕ್ಕಳಿಗೂ ಅವಕಾಶವಿದೆ. ನಮ್ಮಲ್ಲಿ ಇದರ ಪರೀಕ್ಷೆ ನಡೆಸುವುದು ಕರ್ನಾಟಕ ರಾಜ್ಯ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿ. ಪಾಸಾಗಿ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡರೆ ನೀವು ನೋಂದಾಯಿತ ನರ್ಸ್ ಮತ್ತು ಸೂಲಗಿತ್ತಿ. ಬಿ.ಎಸ್ಸಿ ಮಾಡಿದವರಿಗೆ ಸಿಗುವುದೂ ಇದೇ ನೋಂದಣಿ.

ಜಿಎನ್‌ಎಂ ನಿಲ್ಲಿಸುತ್ತಾರೆ, ಇನ್ನು ಮುಂದೆ ಬಿ.ಎಸ್ಸಿ ಮಾತ್ರ ಎಂಬ ಸುದ್ದಿ ಕೆಲವು ವರ್ಷಗಳಿಂದ ಓಡಾಡುತ್ತಲೇ ಇದೆ. ಅಂಥ ಪ್ರಸ್ತಾಪ ಬಂದದ್ದು ನಿಜ, ಆದರೂ ಕೋರ್ಸು ನಡೆಯುತ್ತಿದೆ. ಆ ಹೆದರಿಕೆಯಿಂದ ತೀರ್ಮಾನ ಬದಲಿಸಬೇಕಾಗಿಲ್ಲ.

ನಿಜವಾಗಿ ಯೋಚಿಸಬೇಕಾದ ಲೆಕ್ಕ ಬೇರೆ. ಜಿಎನ್‌ಎಂ ಮೂರು ವರ್ಷ, ಆಮೇಲೆ ಪೋಸ್ಟ್ ಬೇಸಿಕ್ ಬಿ.ಎಸ್ಸಿ (ಜಿಎನ್‌ಎಂ ಮುಗಿಸಿದವರಿಗಾಗಿ ಇರುವ ಪದವಿ) ಎರಡು ವರ್ಷ, ಒಟ್ಟು ಐದು. ನೇರ ಬಿ.ಎಸ್ಸಿ ನಾಲ್ಕು. ಹಾಗಾದರೆ ನೇರ ಬಿ.ಎಸ್ಸಿಯೇ ಲಾಭ ಎನಿಸುತ್ತದೆ, ಸೈನ್ಸ್ ಓದಿದವರಿಗೆ ಅದು ನಿಜ ಕೂಡ. ಆದರೆ ಆರ್ಟ್ಸ್ ಓದಿದ ಹುಡುಗಿಗೆ ನೇರ ಬಿ.ಎಸ್ಸಿಯ ಬಾಗಿಲು ತೆರೆಯುವುದಿಲ್ಲ, ಜಿಎನ್‌ಎಂ ಮೂಲಕ ಸುತ್ತಿ ಬಂದರೆ ತೆರೆಯುತ್ತದೆ. ಮನೆಯಲ್ಲಿ ತಮ್ಮ ತಂಗಿಯರ ಓದು ಬಾಕಿ ಇದ್ದರೆ ಮೂರು ವರ್ಷಕ್ಕೆ ಸಂಬಳ ಶುರುವಾಗಿ, ಕೈಯಲ್ಲಿ ಒಂದಿಷ್ಟು ಉಳಿದ ಮೇಲೆ ಪೋಸ್ಟ್ ಬೇಸಿಕ್ ಮಾಡಬಹುದು. ವಾರ್ಡಿನ ಅನುಭವ ಇಟ್ಟುಕೊಂಡು ಪೋಸ್ಟ್ ಬೇಸಿಕ್ ತರಗತಿಗೆ ಬರುವವರು ಕೇಳುವ ಪ್ರಶ್ನೆಗಳೇ ಬೇರೆ. ಅವರಿಗೆ ಪಾಠ ಮಾಡುವುದು ನನಗೆ ಬಹಳ ಇಷ್ಟದ ಕೆಲಸ.

ಒಂದು ಕಡೆ ಮಾತ್ರ ಜಿಎನ್‌ಎಂ ಸ್ವಲ್ಪ ಹಿಂದೆ ಬೀಳುತ್ತದೆ. ಕೇಂದ್ರ ಸರ್ಕಾರದ ಏಮ್ಸ್ ಆಸ್ಪತ್ರೆಗಳ ನರ್ಸಿಂಗ್ ಆಫೀಸರ್ ಹುದ್ದೆಗೆ ನಡೆಯುವ ನಾರ್ಸೆಟ್ ಪರೀಕ್ಷೆಗೆ ಬಿ.ಎಸ್ಸಿ ಓದಿದವರು ನೇರವಾಗಿ ಕೂರಬಹುದು. ಜಿಎನ್‌ಎಂನವರಿಗೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು. ಆದ್ದರಿಂದ ಮೊದಲ ಕೆಲಸಕ್ಕೆ ಸೇರುವಾಗಲೇ ಆಸ್ಪತ್ರೆಯ ಹಾಸಿಗೆ ಸಂಖ್ಯೆ ನೋಡಿಕೊಳ್ಳಿ, ಅನುಭವ ಪತ್ರವನ್ನು ಲೆಟರ್‌ಹೆಡ್ಡಿನಲ್ಲಿ ತೆಗೆದುಕೊಳ್ಳಿ. ಹಾಗೆಯೇ, ಪಾಠ ಮಾಡುವ ಆಸೆ ಇದ್ದರೆ ಡಿಪ್ಲೊಮಾ ಒಂದೇ ಸಾಲದು.

ಬಿ.ಎಸ್ಸಿ ನರ್ಸಿಂಗ್

ನಾಲ್ಕು ವರ್ಷ. 2021ರಲ್ಲಿ ಭಾರತೀಯ ಶುಶ್ರೂಷಾ ಪರಿಷತ್ತು ಪಠ್ಯಕ್ರಮ ಬದಲಿಸಿದ ಮೇಲೆ ಎಂಟು ಸೆಮಿಸ್ಟರ್. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷ್ ಓದಿರಬೇಕು, ಸಾಮಾನ್ಯ ವರ್ಗಕ್ಕೆ 45 ಶೇಕಡಾ. ಕರ್ನಾಟಕದಲ್ಲಿ ಸರ್ಕಾರಿ ಕೋಟಾದ ಸೀಟಿಗೆ ಸಿಇಟಿ ಬರೆದು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಕೌನ್ಸೆಲಿಂಗ್‌ನಲ್ಲಿ ಭಾಗವಹಿಸಬೇಕು. ಆ ವರ್ಷದ ಕೈಪಿಡಿಯನ್ನು ಪೂರ್ತಿ ಓದಿ. ಬರೀ ಪಿಯುಸಿ ಅಂಕದ ಮೇಲೆ ಸೀಟು ಸಿಗುತ್ತದೆ ಎಂದುಕೊಂಡು ಸಿಇಟಿ ಬಿಟ್ಟವರು ಆಮೇಲೆ ದುಬಾರಿ ಮ್ಯಾನೇಜ್‌ಮೆಂಟ್ ಸೀಟಿನ ಹಿಂದೆ ಓಡಬೇಕಾಗುತ್ತದೆ. ಡೀಮ್ಡ್ ವಿಶ್ವವಿದ್ಯಾಲಯಗಳನ್ನು ಬಿಟ್ಟರೆ ರಾಜ್ಯದ ಹೆಚ್ಚಿನ ಕಾಲೇಜುಗಳು 1996ರಲ್ಲಿ ಶುರುವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದವು.

ಜಿಎನ್‌ಎಂಗಿಂತ ಇಲ್ಲಿ ಹೆಚ್ಚಾಗಿ ಸಿಗುವುದು ಏನು? ಸಂಶೋಧನೆ, ಆಡಳಿತ, ಬೋಧನೆ ಇವುಗಳ ಅಡಿಪಾಯ. ಹಾಸಿಗೆಯ ಪಕ್ಕದ ಕೆಲಸದಲ್ಲಿ ಒಳ್ಳೆಯ ಜಿಎನ್‌ಎಂ ನರ್ಸು ಬಿ.ಎಸ್ಸಿ ನರ್ಸಿಗೆ ಯಾವ ರೀತಿಯಲ್ಲೂ ಕಡಿಮೆಯಲ್ಲ, ನಾನು ಕಂಡ ಅತ್ಯುತ್ತಮ ಐಸಿಯು ಸಿಸ್ಟರುಗಳಲ್ಲಿ ಜಿಎನ್‌ಎಂನವರೇ ಜಾಸ್ತಿ. ಆದರೆ ಮುಂದೆ ಹೋಗುವ ದಾರಿಗಳು ಬಿ.ಎಸ್ಸಿಯಿಂದಲೇ ಕವಲೊಡೆಯುತ್ತವೆ. ಒಂದು ವರ್ಷ ಕೆಲಸ ಮಾಡಿ ಎಂ.ಎಸ್ಸಿ ಸೇರಬಹುದು, ಅಲ್ಲಿ ಮೆಡಿಕಲ್ ಸರ್ಜಿಕಲ್, ಮಕ್ಕಳ ಆರೋಗ್ಯ, ಪ್ರಸೂತಿ ಮತ್ತು ಸ್ತ್ರೀರೋಗ, ಮನೋರೋಗ, ಸಮುದಾಯ ಆರೋಗ್ಯ ಎಂದು ಐದು ವಿಭಾಗಗಳು. ತೀವ್ರ ನಿಗಾ ಘಟಕದಲ್ಲೇ ಬೆಳೆಯಬೇಕೆನ್ನುವವರಿಗೆ ಕ್ರಿಟಿಕಲ್ ಕೇರ್ ನರ್ಸ್ ಪ್ರಾಕ್ಟೀಷನರ್ ಎಂಬ ಎರಡು ವರ್ಷದ ಸ್ನಾತಕೋತ್ತರ ಕೋರ್ಸಿದೆ. ಹಳ್ಳಿಯ ಕಡೆ ಒಲವಿರುವವರಿಗೆ ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯ ಕೆಲಸವಿದೆ. ರಾಷ್ಟ್ರೀಯ ಆರೋಗ್ಯ ಅಭಿಯಾನದ (ಎನ್‌ಎಚ್‌ಎಂ) ಅಡಿ ಗುತ್ತಿಗೆಯದು, ಆದರೆ ಬಿ.ಪಿ., ಸಕ್ಕರೆ ಕಾಯಿಲೆಯವರನ್ನು ಸ್ವಂತ ಹೊಣೆಯಲ್ಲಿ ನೋಡಿಕೊಳ್ಳುವ ಅವಕಾಶ ಇಷ್ಟು ಬೇಗ ಬೇರೆಲ್ಲೂ ಸಿಗುವುದಿಲ್ಲ. ಮನಸ್ಸಿನ ಕಾಯಿಲೆಯವರ ಆರೈಕೆ ಇಷ್ಟವಾದರೆ ನಿಮ್ಹಾನ್ಸ್ ನಮ್ಮ ಬೆಂಗಳೂರಲ್ಲೇ ಇದೆ. ಬಿ.ಎಸ್ಸಿಯೂ ಇದೆ, ಮುಂದಿನ ಓದೂ ಇದೆ.

ಸೈನ್ಯದ ದಾರಿ ಬಹಳ ಜನಕ್ಕೆ ಗೊತ್ತೇ ಇಲ್ಲ. ಸಶಸ್ತ್ರ ಪಡೆಗಳ ನರ್ಸಿಂಗ್ ಕಾಲೇಜುಗಳಲ್ಲಿ ಅವಿವಾಹಿತ ಹೆಣ್ಣುಮಕ್ಕಳಿಗೆ ಬಿ.ಎಸ್ಸಿ ನರ್ಸಿಂಗ್ ಇದೆ. ಅವುಗಳಲ್ಲಿ ಒಂದು ಬೆಂಗಳೂರಿನ ವಾಯುಪಡೆ ಕಮಾಂಡ್ ಆಸ್ಪತ್ರೆಯದು. ಪುಣೆ, ಮುಂಬೈ, ಕೋಲ್ಕತ್ತ, ದೆಹಲಿ, ಲಖನೌದಲ್ಲಿ ಉಳಿದವು. ಆಯ್ಕೆಗೆ ನೀಟ್ ಅಂಕ ಬೇಕು. ಓದು ಮುಗಿದ ಮೇಲೆ ಮಿಲಿಟರಿ ನರ್ಸಿಂಗ್ ಸರ್ವಿಸ್‌ನಲ್ಲಿ ಲೆಫ್ಟಿನೆಂಟ್ ಆಗಿ ಸೇರ್ಪಡೆ, ಜೊತೆಗೆ ಸೇವೆಯ ಒಪ್ಪಂದ. ನೀಟ್ ಬರೆದು ಎಂಬಿಬಿಎಸ್ ತಪ್ಪಿದ ಹುಡುಗಿಗೆ ನರ್ಸಿಂಗ್ ಮೇಲೆ ನಿಜವಾದ ಆಸೆ ಇದ್ದರೆ ಆ ಅಂಕ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಕನ್ನಡ ಮಾಧ್ಯಮದವರಿಗೆ ಒಂದು ಮಾತು

"ಎಲ್ಲ ಇಂಗ್ಲಿಷ್‌ನಲ್ಲಿ ಇರುತ್ತಲ್ಲ ಮೇಡಂ" ಎಂದು ಅಳುವ ಮಕ್ಕಳನ್ನು ಪ್ರತಿ ಬ್ಯಾಚಿನಲ್ಲೂ ನೋಡುತ್ತೇನೆ. ಬಿ.ಎಸ್ಸಿಯ ಮೊದಲ ಸೆಮಿಸ್ಟರಿನಲ್ಲೇ ಅಂಗರಚನೆ, ಶರೀರಕ್ರಿಯೆ, ಸಮಾಜಶಾಸ್ತ್ರ, ಮನಶ್ಶಾಸ್ತ್ರ, ನರ್ಸಿಂಗ್ ಫೌಂಡೇಶನ್ ಒಟ್ಟಿಗೆ ಬರುತ್ತವೆ. ಮೊದಲ ಆರು ತಿಂಗಳು ಕಷ್ಟ, ಸುಳ್ಳು ಹೇಳುವುದಿಲ್ಲ. ಆದರೆ ಪೋಸ್ಟಿಂಗ್ ಶುರುವಾದ ದಿನ ಇದೇ ಮಕ್ಕಳು ತಲೆ ಎತ್ತುತ್ತಾರೆ. ರಾಯಚೂರಿನ ಅಜ್ಜಿ, ಚಾಮರಾಜನಗರದ ಬಾಣಂತಿ ತಮ್ಮ ನೋವು ಎಲ್ಲಿ, ಯಾವಾಗಿಂದ, ಹೇಗೆ ಎಂದು ಹೇಳುವುದನ್ನು ಪೂರ್ತಿ ಕೇಳಿ, ಅದನ್ನು ಸರಿಯಾಗಿ ಕೇಸ್ ಶೀಟಿಗೆ ಇಳಿಸಬಲ್ಲವರು ಇವರೇ. ದಿನಕ್ಕೆ ಒಬ್ಬ ರೋಗಿಯ ಕಥೆಯನ್ನು ಮೊದಲು ಕನ್ನಡದಲ್ಲಿ ಬರೆದುಕೊಂಡು, ಆಮೇಲೆ ಇಂಗ್ಲಿಷಿಗೆ ತಿರುಗಿಸುವ ಅಭ್ಯಾಸ ಇಟ್ಟುಕೊಂಡರೆ ವರ್ಷ ಕಳೆಯುವಷ್ಟರಲ್ಲಿ ಭಾಷೆಯ ಭಯ ಹೋಗುತ್ತದೆ.

ಗಂಡುಮಕ್ಕಳ ತಂದೆತಾಯಿ ಹಿಂಜರಿಯುವುದನ್ನೂ ಕಂಡಿದ್ದೇನೆ. ತುರ್ತು ಚಿಕಿತ್ಸಾ ವಿಭಾಗ, ಮೂಳೆ ವಾರ್ಡು, ಐಸಿಯು, ಮನೋರೋಗ ವಿಭಾಗ ಎಲ್ಲ ಕಡೆ ಗಂಡು ನರ್ಸುಗಳು ಚೆನ್ನಾಗಿ ಕೆಲಸ ಮಾಡುತ್ತಿದ್ದಾರೆ. ಏಮ್ಸ್ ನೇಮಕಾತಿಯಲ್ಲಿ 80 ಶೇಕಡಾ ಹುದ್ದೆ ಮಹಿಳೆಯರಿಗೆ ಎಂಬ ನಿಯಮ ಇರುವುದರಿಂದ ಅವರಿಗೆ ಅಲ್ಲಿ ಪೈಪೋಟಿ ಜಾಸ್ತಿ ಎಂಬುದು ಮಾತ್ರ ಗೊತ್ತಿರಲಿ.

ಕಾಲೇಜು ಆರಿಸುವಾಗ ಆಸ್ಪತ್ರೆ ನೋಡಿ

ಈಜು ಕಲಿಯಲು ನೀರು ಬೇಕಾದಷ್ಟೇ ನರ್ಸಿಂಗ್ ಕಲಿಯಲು ರೋಗಿಗಳು ಬೇಕು. ಕಾಲೇಜಿಗೆ ಕನಿಷ್ಠ 100 ಹಾಸಿಗೆಯ ಸ್ವಂತ ಆಸ್ಪತ್ರೆ ಇರಬೇಕು, ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳ ಲೆಕ್ಕ ಬರಬೇಕು ಎನ್ನುವುದು ಭಾರತೀಯ ಶುಶ್ರೂಷಾ ಪರಿಷತ್ತಿನ ನಿಯಮ. ಬೋರ್ಡಿನ ಮೇಲೆ ಆಸ್ಪತ್ರೆಯ ಹೆಸರಿದ್ದರೆ ಸಾಲದು, ಹೋಗಿ ನೋಡಿ. ಮಧ್ಯಾಹ್ನ ಭೇಟಿಯ ಸಮಯದಲ್ಲಿ ವಾರ್ಡುಗಳಲ್ಲಿ ಸುಮ್ಮನೆ ಒಂದು ಸುತ್ತು ಹಾಕಿದರೆ ಎಷ್ಟು ಹಾಸಿಗೆ ತುಂಬಿದೆ ಎಂದು ಗೊತ್ತಾಗುತ್ತದೆ. ತಿಂಗಳಿಗೆ ಎಷ್ಟು ಹೆರಿಗೆ ಆಗುತ್ತದೆ, ವಿದ್ಯಾರ್ಥಿಗಳ ಪ್ರಸೂತಿ ಕೇಸ್ ಬುಕ್ (ಹೆರಿಗೆ ಕೆಲಸದ ದಾಖಲೆ ಪುಸ್ತಕ) ಎಲ್ಲಿ ತುಂಬಿಸುತ್ತಾರೆ, ಮನೋರೋಗದ ಪೋಸ್ಟಿಂಗ್ ಎಲ್ಲಿಗೆ, ವಾರ್ಡಿಗೆ ಟ್ಯೂಟರ್ ಜೊತೆಗೆ ಬರುತ್ತಾರೋ ಇಲ್ಲ ಮಕ್ಕಳನ್ನು ಬಿಟ್ಟುಹೋಗುತ್ತಾರೋ ಎಂದು ಕೇಳಿ. ಪ್ರಿನ್ಸಿಪಾಲರಿಗಿಂತ ಮೂರನೇ ವರ್ಷದ ವಿದ್ಯಾರ್ಥಿನಿಯರು ನೇರವಾಗಿ ಉತ್ತರ ಕೊಡುತ್ತಾರೆ.

ಸರ್ಕಾರಿ ಕಾಲೇಜಿನಲ್ಲಿ ಫೀಸು ಕಡಿಮೆ, ರೋಗಿಗಳು ಬೇಕಾದಷ್ಟು. ಬೆಂಗಳೂರಿನ ಕೋಟೆ ಬಳಿಯ ಸರ್ಕಾರಿ ನರ್ಸಿಂಗ್ ಕಾಲೇಜಿನ ಆಸುಪಾಸಿನಲ್ಲೇ ವಿಕ್ಟೋರಿಯಾ, ವಾಣಿವಿಲಾಸ ಆಸ್ಪತ್ರೆಗಳಿವೆ. ಅಂಥ ಕಡೆ ಒಂದು ವಾರದಲ್ಲಿ ಕಾಣುವಷ್ಟು ಕೇಸುಗಳು ಸಣ್ಣ ಆಸ್ಪತ್ರೆಯಲ್ಲಿ ಒಂದು ವರ್ಷಕ್ಕೂ ಬರುವುದಿಲ್ಲ. ಒತ್ತಡ ಹೆಚ್ಚಿರುವ ಕಡೆ ಕೈತೊಳೆಯುವಂಥ ಮೂಲ ಅಭ್ಯಾಸಗಳಲ್ಲಿ ಅಡ್ಡದಾರಿ ಹಿಡಿಯುವ ಅಪಾಯವೂ ಇದೆ, ಅಲ್ಲಿ ವಿದ್ಯಾರ್ಥಿಯೇ ತನ್ನನ್ನು ಕಾದುಕೊಳ್ಳಬೇಕು. ಮಿಷನ್ ಆಸ್ಪತ್ರೆಗಳ ಕಾಲೇಜುಗಳದ್ದು ಶಿಸ್ತು. ಬೆಂಗಳೂರಿನ ಸೇಂಟ್ ಜಾನ್ಸ್, 1880ರಲ್ಲಿ ಶುರುವಾದ ಮಂಗಳೂರಿನ ಫಾದರ್ ಮುಲ್ಲರ್‌ನಂಥ ಸಂಸ್ಥೆಗಳಲ್ಲಿ ಹಾಸಿಗೆಯ ಚಾದರದ ಮೂಲೆ ಮಡಿಸುವುದನ್ನೂ ನಿಂತು ನೋಡಿ ತಿದ್ದುವ ಪದ್ಧತಿ. ಕೆಲವು ಹುಡುಗಿಯರಿಗೆ ಅದು ಉಸಿರು ಕಟ್ಟಿದಂತಾಗುತ್ತದೆ, ಆದರೆ ಆ ಕೈ ಜೀವನಪೂರ್ತಿ ಕೆಡುವುದಿಲ್ಲ. ದೊಡ್ಡ ಕಾರ್ಪೊರೇಟ್ ಆಸ್ಪತ್ರೆಯ ಕಾಲೇಜಿನಲ್ಲಿ ಹೊಸ ಯಂತ್ರಗಳು, ಸೋಂಕು ತಡೆಯ ಕಟ್ಟುನಿಟ್ಟು, ದಾಖಲೆ ಬರೆಯುವ ಕ್ರಮ ಚೆನ್ನಾಗಿ ಕಲಿಯಬಹುದು. ಅಲ್ಲಿನ ತೊಡಕೆಂದರೆ ಲಕ್ಷಗಟ್ಟಲೆ ಬಿಲ್ಲು ಕಟ್ಟುವ ರೋಗಿ ವಿದ್ಯಾರ್ಥಿಯ ಕೈಯಿಂದ ಕ್ಯಾನುಲಾ (ಡ್ರಿಪ್ ಕೊಡಲು ರಕ್ತನಾಳಕ್ಕೆ ಹಾಕುವ ನಳಿಕೆ) ಹಾಕಿಸಿಕೊಳ್ಳಲು ಒಪ್ಪುವುದಿಲ್ಲ. ಈ ಮೂರರಲ್ಲಿ ನನ್ನನ್ನು ಕೇಳಿದರೆ, ಸರ್ಕಾರಿ ಸೀಟು ಸಿಕ್ಕಿದವರು ಬೇರೆ ಯೋಚನೆಯನ್ನೇ ಮಾಡಬೇಡಿ ಎನ್ನುತ್ತೇನೆ. ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ವಿದ್ಯಾರ್ಥಿವೇತನದ ಅರ್ಜಿಯನ್ನು ಮೊದಲ ತಿಂಗಳಲ್ಲೇ ಹಾಕಿಬಿಡಿ.

ಇನ್ನು ನಾಲ್ಕನೇ ಬಗೆಯ ಕಾಲೇಜುಗಳಿವೆ. ಬಾಡಿಗೆ ಕಟ್ಟಡ, ಎಲ್ಲೋ ದೂರದ ನರ್ಸಿಂಗ್ ಹೋಮಿನ ಹೆಸರು, "ಕ್ಲಾಸಿಗೆ ಬರದಿದ್ದರೂ ನಡೆಯುತ್ತೆ, ಪರೀಕ್ಷೆಗೆ ಬನ್ನಿ" ಎನ್ನುವ ಏಜೆಂಟು. ಕರ್ನಾಟಕದಲ್ಲಿ ನರ್ಸಿಂಗ್ ಕಾಲೇಜುಗಳು ಬಹಳ, ಕೇರಳ, ಪಶ್ಚಿಮ ಬಂಗಾಳ, ಈಶಾನ್ಯ ರಾಜ್ಯಗಳಿಂದಲೂ ಮಕ್ಕಳು ಬರುತ್ತಾರೆ. ಈ ಏಜೆಂಟರ ಕೈಗೆ ಸಿಗುವವರು ಅವರೂ ಹೌದು, ನಮ್ಮ ಹಳ್ಳಿಯ ಮಕ್ಕಳೂ ಹೌದು. ನಿಯಮದ ಪ್ರಕಾರ ಪಾಠಕ್ಕೆ 80 ಶೇಕಡಾ ಹಾಜರಿ ಬೇಕು, ಪದವಿ ಕೈಗೆ ಬರುವ ಮುಂಚೆ ವಾರ್ಡಿನ ತರಬೇತಿಯಲ್ಲಿ ನೂರಕ್ಕೆ ನೂರು ತುಂಬಿಸಬೇಕು. ಇಂಜೆಕ್ಷನ್ ಒಂದನ್ನೂ ಸರಿಯಾಗಿ ಕೊಡದೆ ಸರ್ಟಿಫಿಕೇಟು ಹಿಡಿದು ಬಂದವರ ಮುಂದೆ ಒಂದು ದಿನ ಯಾರದ್ದೋ ಮಗು ಮಲಗಿರುತ್ತದೆ. ಇದನ್ನು ನೆನೆಸಿಕೊಂಡರೆ ನನಗೆ ಸಿಟ್ಟು ಬರುತ್ತದೆ.

ಆರು ತಿಂಗಳ, ಒಂದು ವರ್ಷದ "ನರ್ಸಿಂಗ್" ಸರ್ಟಿಫಿಕೇಟ್ ಕೋರ್ಸುಗಳ ಬಗ್ಗೆಯೂ ಎಚ್ಚರ. ರೋಗಿಯ ಸಹಾಯಕರಾಗಿ, ಮನೆಯಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವವರಾಗಿ ಕೆಲಸ ಮಾಡಲು ಅವು ಸಾಕಾಗಬಹುದು, ಅದು ಮರ್ಯಾದೆಯ ಕೆಲಸವೇ. ಆದರೆ ಅವುಗಳಿಂದ ಶುಶ್ರೂಷಾ ಪರಿಷತ್ತಿನ ನೋಂದಣಿ ಸಿಗುವುದಿಲ್ಲ, ಸರ್ಕಾರಿ ನರ್ಸ್ ಹುದ್ದೆಗೆ ಅರ್ಜಿ ಹಾಕಲು ಬರುವುದಿಲ್ಲ. ಫೀಸು ಕಟ್ಟುವ ಮುಂಚೆ ಮೂರು ಕಡೆ ಹೆಸರು ನೋಡಿ: ರಾಜ್ಯ ಪರಿಷತ್ತಿನ ಮಾನ್ಯತೆ, ವಿಶ್ವವಿದ್ಯಾಲಯದ ಅಥವಾ ಪರೀಕ್ಷಾ ಮಂಡಳಿಯ ಸಂಯೋಜನೆ, ಭಾರತೀಯ ಶುಶ್ರೂಷಾ ಪರಿಷತ್ತಿನ ಪಟ್ಟಿ. ಮೂರನೆಯದು ಇಲ್ಲದಿದ್ದರೆ ಹೊರರಾಜ್ಯದಲ್ಲಿ ಕೆಲಸಕ್ಕೆ ಹೋಗುವಾಗ ತೊಡಕು ಬರಬಹುದು.

ಸಂಬಳ ಮತ್ತು ವಿದೇಶ

ಕೇಂದ್ರ ಸರ್ಕಾರದ ಆಸ್ಪತ್ರೆಗಳಲ್ಲಿ ನರ್ಸಿಂಗ್ ಆಫೀಸರ್ ಹುದ್ದೆ ಏಳನೇ ವೇತನ ಆಯೋಗದ 7ನೇ ಹಂತದ್ದು, ಮೂಲ ವೇತನ 44,900 ರೂಪಾಯಿಯಿಂದ ಶುರು. ಖಾಸಗಿಯಲ್ಲಿ ಪರಿಸ್ಥಿತಿ ಬೇಸರ ತರುವಂಥದ್ದು. 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ ಕೇಂದ್ರ ರಚಿಸಿದ ಸಮಿತಿ ಒಂದು ಅಳತೆ ಕೊಟ್ಟಿತು: 200ಕ್ಕಿಂತ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆ ರಾಜ್ಯ ಸರ್ಕಾರದ ನರ್ಸಿನಷ್ಟೇ ಕೊಡಬೇಕು, 100ರಿಂದ 200 ಇದ್ದರೆ ಹತ್ತು ಶೇಕಡಾಕ್ಕಿಂತ ಹೆಚ್ಚು ಕಡಿಮೆ ಮಾಡಬಾರದು, 50ರಿಂದ 100 ಇದ್ದರೆ 25 ಶೇಕಡಾ, 50ಕ್ಕಿಂತ ಕಡಿಮೆ ಇದ್ದರೂ ಸಂಬಳ ತಿಂಗಳಿಗೆ 20,000 ರೂಪಾಯಿಗಿಂತ ಕೆಳಗೆ ಇಳಿಯಬಾರದು. ಬಹಳ ಕಡೆ ಇದು ಜಾರಿಗೆ ಬಂದಿಲ್ಲ. ಆದರೂ ಸಂದರ್ಶನಕ್ಕೆ ಹೋಗುವಾಗ ಈ ಅಂಕಿಗಳು ತಲೆಯಲ್ಲಿರಲಿ. ಒಬ್ಬ ನರ್ಸಿಗೆ ಎಷ್ಟು ರೋಗಿಗಳು, ತಿಂಗಳಿಗೆ ಎಷ್ಟು ನೈಟ್ ಡ್ಯೂಟಿ, ರಾತ್ರಿ ಡ್ಯೂಟಿಗೆ ಬರಹೋಗಲು ವಾಹನ ಇದೆಯೇ ಎಂಬುದನ್ನು ಸಂಬಳದಷ್ಟೇ ಖಚಿತವಾಗಿ ಕೇಳಿ.

ವಿದೇಶಕ್ಕೆ ಹೋಗುವ ಆಸೆ ತಪ್ಪಲ್ಲ. ಜಗತ್ತಿನಲ್ಲಿ ನರ್ಸುಗಳ ಕೊರತೆ ಲಕ್ಷಗಳಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿ ಅದನ್ನು 58 ಲಕ್ಷ ಎಂದಿದೆ. ಬ್ರಿಟನ್ನಿಗೆ ಇಂಗ್ಲಿಷ್ ಪರೀಕ್ಷೆಯ ಜೊತೆ ಕಂಪ್ಯೂಟರ್ ಪರೀಕ್ಷೆ, ಅಲ್ಲಿ ಹೋದ ಮೇಲೆ ಓಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆ, ಅಮೆರಿಕಕ್ಕೆ ಎನ್‌ಕ್ಲೆಕ್ಸ್ ಎಂಬ ಲೈಸೆನ್ಸ್ ಪರೀಕ್ಷೆ, ಜರ್ಮನಿಯಲ್ಲಿ ಪೂರ್ಣ ಮಾನ್ಯತೆಗೆ ಸಾಮಾನ್ಯವಾಗಿ ಬಿ2 ಮಟ್ಟದ ಜರ್ಮನ್ ಭಾಷೆ, ಕೊಲ್ಲಿ ದೇಶಗಳಿಗೆ ಅಲ್ಲಲ್ಲಿನ ಲೈಸೆನ್ಸ್ ಪರೀಕ್ಷೆ ಮತ್ತು ದಾಖಲೆಗಳ ಪರಿಶೀಲನೆ. ಜಿಎನ್‌ಎಂ, ಬಿ.ಎಸ್ಸಿ ಎರಡರಿಂದಲೂ ದಾರಿ ಇದೆ. ದೊಡ್ಡ ಆಸ್ಪತ್ರೆಯಲ್ಲಿ ಎರಡು ವರ್ಷ ಕೆಲಸ ಮಾಡಿ ಹೋದವರು ಅಲ್ಲಿ ಬೇಗ ನೆಲೆ ನಿಲ್ಲುತ್ತಾರೆ. ಲಕ್ಷಗಟ್ಟಲೆ ಕಮಿಷನ್ ಕೇಳುವ ಏಜೆಂಟನ್ನು ಅಲ್ಲಿಯೇ ಬಿಟ್ಟು ಬನ್ನಿ.

ಕೊನೆಯ ಪರೀಕ್ಷೆ ಮುಗಿದ ಮೇಲೆ

ಫಲಿತಾಂಶ ಬಂದ ಕೂಡಲೇ ಅನೇಕರು ಕಾಲೇಜಿನ ಆಸ್ಪತ್ರೆಯಲ್ಲೇ ಕೆಲಸಕ್ಕೆ ನಿಲ್ಲುತ್ತಾರೆ, ನೋಂದಣಿಯ ಕೆಲಸ ನಾಳೆ ನಾಡಿದ್ದು ಎಂದು ಮುಂದೆ ಹೋಗುತ್ತದೆ. ಕಾಲೇಜಿನಿಂದ ಹೊರಬರುವ ವಾರದಲ್ಲೇ ಅಂಕಪಟ್ಟಿಗಳು, ಕೋರ್ಸ್ ಮುಗಿಸಿದ ಪತ್ರ, ಪೋಸ್ಟಿಂಗ್ ಗಂಟೆಗಳ ದಾಖಲೆ, ಪ್ರಸೂತಿ ಕೇಸ್ ಬುಕ್ ಇವನ್ನೆಲ್ಲ ಕೇಳಿ ಪಡೆಯಿರಿ. ವಿದೇಶದ ಅರ್ಜಿಗೆ ಹತ್ತು ವರ್ಷ ಬಿಟ್ಟು ಇವೇ ಬೇಕಾಗುತ್ತವೆ, ಆಗ ಕಾಲೇಜು ಇರುತ್ತದೋ ಇಲ್ಲವೋ. ಕೆಲಸ ಕೊಡುವವರು ಮೂಲ ಪ್ರಮಾಣಪತ್ರ ಇಟ್ಟುಕೊಳ್ಳುತ್ತೇವೆ ಎಂದರೆ ಒಪ್ಪಬೇಡಿ, ತೋರಿಸಿ, ಪ್ರತಿ ಕೊಟ್ಟು, ಮೂಲವನ್ನು ಮನೆಗೆ ತನ್ನಿ. ಬಾಂಡಿಗೆ ಸಹಿ ಕೇಳಿದರೆ ಮನೆಗೆ ಒಯ್ದು, ಓದಿ, ಹಿರಿಯ ನರ್ಸೊಬ್ಬರಿಗೆ ತೋರಿಸಿದ ಮೇಲೆಯೇ ಉತ್ತರ ಕೊಡಿ. ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ ಸಂಖ್ಯೆ ಕೈಗೆ ಬಂದ ಮೇಲೆ ಮೊದಲ ಡ್ಯೂಟಿಗೆ ಹೆಸರು ಬರೆಸಿ.